ಲಾಳ ಕಟ್ಟುವ ಹೊತ್ತು

ಎತ್ತಿಗೆ ಲಾಳ ಕಟ್ಟುವುದನ್ನು ಕಣ್ಣಾರೆ ಕಂಡವರು ಈಗ ರೇಡಿಯೊ ಮುಂದೆ ಕೂತವರಲ್ಲಿ ಇನ್ನೂ ಇದ್ದೀರಿ ಎಂದು ನಂಬಿದ್ದೇನೆ. ಗಾಡಿಗೆ ಹೂಡಿದ ಎತ್ತಿಗೆ ಯಾರೂ ಲಾಳ ಕಟ್ಟುವುದಿಲ್ಲ. ಮೊದಲು ನೊಗ ಬಿಚ್ಚಬೇಕು. ಮೆತ್ತನೆಯ ನೆಲ ನೋಡಿ ಹಗ್ಗ ಹಾಕಿ ಕೆಡವಬೇಕು. ಕಾಲುಗಳನ್ನು ಸೇರಿಸಿ ಕಟ್ಟಬೇಕು. ಒಬ್ಬರು ಕೊಂಬು ಹಿಡಿದು ತಲೆಯ ಹತ್ತಿರ ಕೂರಬೇಕು. ಅಷ್ಟೆಲ್ಲ ಆದಮೇಲೆ ಹಳೆಯ ಲಾಳ ಕಿತ್ತು, ಗೊರಸು ಹೆರೆದು, ಹೊಸ ಲಾಳ ಇಟ್ಟು ಮೊಳೆ ಹೊಡೆಯುತ್ತಾರೆ. ಮೊಳೆ ಹೊಡೆಯುವುದು ಸ್ವಲ್ಪ ಹೊತ್ತಿನ ಕೆಲಸ, ಅದಕ್ಕೆ ಮುಂಚಿನ ಸಿದ್ಧತೆಯೇ ದೊಡ್ಡದು.

ಇವತ್ತು ನಾನು ಹೇಳಹೊರಟಿರುವುದು ಕಂಪ್ಯೂಟರಿನ ಒಂದು ಕೆಲಸ. ನೆಟ್‌ವರ್ಕ್ ಕಾರ್ಡಿನ ಫರ್ಮ್‌ವೇರ್ ಬದಲಿಸುವುದು. ಅದೂ ವಿಂಡೋಸ್ ಆಗಲಿ ಲಿನಕ್ಸ್ ಆಗಲಿ ಎದ್ದು ಕೂರುವ ಮೊದಲೇ, ಕಪ್ಪು ಪರದೆಯ ಮೇಲೆ ಒಂದೊಂದೇ ಆಜ್ಞೆ ಟೈಪ್ ಮಾಡಿ ಬದಲಿಸುವುದು. ಸರ್ವರ್ ಕೋಣೆಯ ತಂಪಿನಲ್ಲಿ ವರ್ಷಗಟ್ಟಲೆ ಈ ಕೆಲಸ ಮಾಡಿದವನು ನಾನು. ಮಾಡುವಾಗೆಲ್ಲ ನನಗೆ ನೆನಪಾಗುವುದು ನಮ್ಮೂರ ಅರಳಿಕಟ್ಟೆಯ ಪಕ್ಕ ಮಲಗಿಸಿದ ಎತ್ತೇ.

‘ಸರ್ವರ್ ಡೌನ್’ ಎಂಬ ಮಾತು ಈಗ ಹಳ್ಳಿಹಳ್ಳಿಗೂ ಗೊತ್ತು. ಪಡಿತರಕ್ಕೆ ಹೋದರೂ ಅದೇ, ಪಹಣಿಗೆ ಹೋದರೂ ಅದೇ. ಹಾಗೆಂದಾಗೆಲ್ಲ ಸರ್ವರ್ ನಿಂತಿರುತ್ತದೆ ಎಂದಲ್ಲ. ಎಷ್ಟೋ ಸಲ ಸರ್ವರ್ ಗಟ್ಟಿಮುಟ್ಟಾಗಿ ಓಡುತ್ತಿರುತ್ತದೆ, ಅದಕ್ಕೂ ನಮಗೂ ನಡುವಿನ ದಾರಿ ಎಲ್ಲೋ ಕಡಿದಿರುತ್ತದೆ. ಆ ದಾರಿಯ ಮೊದಲ ಬಾಗಿಲೇ ನೆಟ್‌ವರ್ಕ್ ಕಾರ್ಡು. ಅಂಗೈ ಅಗಲದ ಹಸಿರು ಹಲಗೆ, ಹಿಂಬದಿಯಲ್ಲಿ ಕೇಬಲ್ ಚುಚ್ಚುವ ಕಿಂಡಿ, ಕಿಂಡಿಯ ಪಕ್ಕ ಮಿಣುಕುವ ಎರಡು ದೀಪ. ಇದು ಬರೀ ತಂತಿ ಸೇರಿಸುವ ಕೊಂಡಿ ಎಂದುಕೊಂಡಿರುವವರೇ ಹೆಚ್ಚು. ಆದರೆ ಅದರೊಳಗೆ ಒಂದು ಪುಟ್ಟ ಕಂಪ್ಯೂಟರೇ ಇದೆ, ಅದಕ್ಕೆ ತನ್ನದೇ ನೆನಪೂ ಇದೆ, ತನ್ನದೇ ಕ್ರಮವಿಧಿಯೂ ಇದೆ. ಆ ನೆನಪಿನಲ್ಲಿ ಬರೆದಿಟ್ಟದ್ದೇ ಫರ್ಮ್‌ವೇರ್.

ಈ ಪದವನ್ನು 1967ರಲ್ಲಿ ಬಳಕೆಗೆ ತಂದವರು ಆಶರ್ ಓಪ್ಲರ್. ಗಟ್ಟಿಯಾದ ಹಾರ್ಡ್‌ವೇರಿಗೂ ಬೇಕಾದ ಹಾಗೆ ಬದಲಿಸಬಹುದಾದ ಸಾಫ್ಟ್‌ವೇರಿಗೂ ನಡುವಿನದೊಂದು ಇದೆ ಎಂದು ಅವರು ಬರೆದರು. ಅವರ ಮನಸ್ಸಿನಲ್ಲಿ ಇದ್ದದ್ದು ಪ್ರೊಸೆಸರಿನ ಒಳಗಿನ ಮೈಕ್ರೋಕೋಡ್. ಈಗ ಆ ಪದದ ಅರ್ಥ ಹಿಗ್ಗಿ, ವಾಷಿಂಗ್ ಮಷೀನಿನಿಂದ ಹಿಡಿದು ಉಪಗ್ರಹದವರೆಗೆ ಯಾವ ಸಾಮಾನಿನ ಚಿಪ್ಪಿನೊಳಗೆ ಬರೆದಿಟ್ಟ ಕ್ರಮವಿಧಿಗೂ ಅದೇ ಹೆಸರು.

ಕಾರ್ಡಿನ ಆ ನೆನಪಿನಲ್ಲಿ ಏನೇನಿರುತ್ತದೆ ಎಂದು ಸ್ವಲ್ಪ ಹತ್ತಿರದಿಂದ ನೋಡೋಣ. ಇಂಟೆಲ್ಲಿನ ಗಿಗಾಬಿಟ್ ಕಾರ್ಡುಗಳನ್ನೇ ತೆಗೆದುಕೊಳ್ಳಿ. ಅವುಗಳ ಮೊದಲ ಮೂರು ಕೋಶಗಳಲ್ಲಿ ಕಾರ್ಡಿನ ಮ್ಯಾಕ್ ವಿಳಾಸ ಇರುತ್ತದೆ. ಕಾರ್ಖಾನೆಯಲ್ಲೇ ಇಟ್ಟ ಹೆಸರು ಅದು, 48 ಬಿಟ್ಟಿನದು. ಮೊದಲ ಅರ್ಧ ನೋಡಿದರೆ ತಯಾರಿಸಿದವರು ಯಾರೆಂದು ತಿಳಿಯುತ್ತದೆ, ಉಳಿದರ್ಧ ಆ ಕಾರ್ಡಿನ ಗುರುತು. ಅಲ್ಲಿಂದ ಮುಂದೆ ಕಾರ್ಡು ಹೇಗೆ ನಡೆದುಕೊಳ್ಳಬೇಕು ಎಂಬ ಕಟ್ಟಳೆಗಳು. ಹೀಗೆ ಹದಿನಾರು ಬಿಟ್ಟಿನ 64 ಕೋಶಗಳು. ಈ 64 ಕೋಶಗಳ ಸಂಖ್ಯೆಗಳನ್ನೆಲ್ಲ ಹದಿನಾರು ಬಿಟ್ಟಿನ ಲೆಕ್ಕದಲ್ಲಿ ಕೂಡಿದರೆ ಬರಬೇಕಾದ ಮೊತ್ತ ಒಂದೇ: ಹದಿನಾರರ ಎಣಿಕೆಯಲ್ಲಿ ಬಿ, ಎ, ಬಿ, ಎ. ಬಾಬಾ! ಹಾಗೆ ಬರಲೆಂದೇ ಕೊನೆಯ ಕೋಶದಲ್ಲಿ ಸರಿದೂಗಿಸುವ ಸಂಖ್ಯೆ ಒಂದನ್ನು ತುಂಬಿರುತ್ತಾರೆ. ಕಾರ್ಡನ್ನು ನಡೆಸುವ ಡ್ರೈವರ್ ಎಂಬ ಕ್ರಮವಿಧಿ ಎದ್ದ ಕೂಡಲೇ ಮಾಡುವ ಕೆಲಸಗಳಲ್ಲಿ ಈ ಕೂಡುವಿಕೆಯೂ ಒಂದು. ಬಾಬಾ ಬರಲಿಲ್ಲವೋ, ಈ ಕಾರ್ಡಿನ ನೆನಪು ಕೆಟ್ಟಿದೆ ಎಂದು ಸಾರಿ ಅದನ್ನು ಮುಟ್ಟದೆ ಬಿಡುತ್ತದೆ. ಕಿರಾಣಿ ಅಂಗಡಿಯವರು ರಾತ್ರಿ ಗಲ್ಲಾಪೆಟ್ಟಿಗೆಯ ಲೆಕ್ಕ ತಾಳೆ ನೋಡಿಯೇ ಬಾಗಿಲು ಹಾಕುತ್ತಾರಲ್ಲ, ಇದೂ ಅಂಥದೇ ತಾಳೆ.

ಆ ನೆನಪಿನಲ್ಲಿ ಒಂದು ಅಕ್ಷರ ಹೆಚ್ಚುಕಡಿಮೆಯಾದರೆ ಏನಾಗಬಹುದು ಎಂಬುದಕ್ಕೆ 2013ರ ಒಂದು ಪ್ರಸಂಗ ಹೇಳುತ್ತೇನೆ. ಅಮೆರಿಕದಲ್ಲಿ ಕ್ರಿಸ್ಟಿಯನ್ ಕೀಲ್‌ಹಾಫ್ನರ್ ಎಂಬ ಎಂಜಿನಿಯರ್ ಕಚೇರಿಗಳಿಗೆ ಇಂಟರ್‌ನೆಟ್ ಮೂಲಕ ದೂರವಾಣಿ ಒದಗಿಸುವ ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದರು. ಕೆಲವು ಯಂತ್ರಗಳ ನೆಟ್‌ವರ್ಕ್ ಕಿಂಡಿ ಇದ್ದಕ್ಕಿದ್ದಂತೆ ಸತ್ತುಹೋಗುತ್ತಿತ್ತು. ಮರಳಿ ಬೂಟ್ ಮಾಡಿದರೂ ಏಳುತ್ತಿರಲಿಲ್ಲ, ಕರೆಂಟು ತೆಗೆದು ಕೊಟ್ಟರೆ ಮಾತ್ರ ಜೀವ. ಅವರು ಪಟ್ಟು ಬಿಡದೆ ತಂತಿಯ ಮೇಲೆ ಹರಿಯುವ ಒಂದೊಂದು ಪ್ಯಾಕೆಟ್ಟನ್ನೂ ಸೋಸಿ ನೋಡಿದರು. ಕೊನೆಗೆ ಸಿಕ್ಕಿದ್ದು ಇಷ್ಟು: ಪ್ಯಾಕೆಟ್ಟಿನ ತಲೆಯಿಂದ 1,151 ಬೈಟು ದಾಟಿದ ಮೇಲಿನ ಜಾಗದಲ್ಲಿ ‘2’ ಎಂಬ ಅಂಕಿಯೋ ‘3’ ಎಂಬ ಅಂಕಿಯೋ ಇದ್ದರೆ ಕಾರ್ಡು ಸಾಯುತ್ತದೆ. ‘1’ ಇದ್ದರೆ ಏನೂ ಆಗುವುದಿಲ್ಲ. ‘4’ ಇದ್ದರಂತೂ ಲಸಿಕೆ ಹಾಕಿದಂತೆ, ಮತ್ತೆ ಕರೆಂಟು ತೆಗೆಯುವ ತನಕ ಕಾರ್ಡಿಗೆ ಏನೂ ತಟ್ಟುವುದಿಲ್ಲ. ಅದು ಇಂಟೆಲ್ಲಿನ 82574ಎಲ್ ಎಂಬ ಚಿಪ್ಪು. ಇಂಟೆಲ್ ಪರಿಶೀಲಿಸಿ, ಚಿಪ್ಪಿನಲ್ಲಿ ದೋಷವಿಲ್ಲ, ಅದನ್ನು ಕೂರಿಸಿದ ಒಬ್ಬ ಮದರ್‌ಬೋರ್ಡ್ ತಯಾರಕರು ಅದರ ನೆನಪಿನಲ್ಲಿ ತಪ್ಪು ಬರೆದಿದ್ದಾರೆ ಎಂದಿತು. ನೆನಪನ್ನು ತಿದ್ದಿ ಬರೆದರೆ ಕಾಯಿಲೆ ಹೋಯಿತು. ತಿಂಗಳುಗಟ್ಟಲೆ ಕಾಡಿದ ಪೀಡೆಗೆ ಮದ್ದು ಕೆಲವು ಬೈಟುಗಳು.

ತಿದ್ದಲು ಬರುವಂಥದು ಕೆಡಲೂ ಬರುತ್ತದೆ. ಇನ್ನೊಂದು ಪ್ರಸಂಗ 2008ರದು. ಲಿನಕ್ಸಿನ ತಿರುಳಾದ ಕರ್ನಲ್ಲಿನ 2.6.27 ಆವೃತ್ತಿ ಇನ್ನೂ ಪರೀಕ್ಷೆಯ ಹಂತದಲ್ಲಿತ್ತು. ಹಾಕಿಕೊಂಡು ನೋಡಿದ ಕೆಲವರ ಯಂತ್ರಗಳಲ್ಲಿ ನೆಟ್‌ವರ್ಕ್ ಚಿಪ್ಪಿನ ನೆನಪೇ ಅಳಿಸಿಹೋಗತೊಡಗಿತು. ಎಲ್ಲರೂ ಬೆರಳು ತೋರಿದ್ದು ಆ ಚಿಪ್ಪಿನ ಡ್ರೈವರಿನ ಕಡೆಗೆ, ಇ-1000-ಇ ಎಂದು ಅದರ ಹೆಸರು. ಲಿನಕ್ಸನ್ನು ಕಟ್ಟಿ ಹಂಚುವ ಕೆಲವರು ಆ ಡ್ರೈವರನ್ನೇ ತೆಗೆದುಹಾಕಿದರು. ತಪ್ಪು ಮಾತ್ರ ಅದರದಾಗಿರಲಿಲ್ಲ. ಕರ್ನಲ್ಲಿನೊಳಗೆ ಬೇರೆಲ್ಲೋ ಎಫ್‌ಟ್ರೇಸ್ ಎಂಬ ಉಪಕರಣವಿತ್ತು, ಯಾವ ಕೆಲಸ ಎಷ್ಟು ಹೊತ್ತು ಹಿಡಿಯಿತು ಎಂದು ಜಾಡು ಹಿಡಿಯುವಂಥದು. ಅದು ಮೆಮೊರಿಯಲ್ಲಿ ಒಂದು ವಿಳಾಸವನ್ನು ಗುರುತು ಹಾಕಿಕೊಂಡಿತ್ತು. ಅಲ್ಲಿದ್ದ ಕೋಡು ತನ್ನ ಕೆಲಸ ಮುಗಿಸಿ ಜಾಗ ಖಾಲಿ ಮಾಡಿತ್ತು. ಆ ಖಾಲಿ ಜಾಗಕ್ಕೆ ಈಗ ನೆಟ್‌ವರ್ಕ್ ಚಿಪ್ಪಿನ ನೆನಪು ಬಂದು ಬಿಡಾರ ಹೂಡಿತ್ತು. ಎಫ್‌ಟ್ರೇಸಿಗೆ ಇದು ಗೊತ್ತಿಲ್ಲ. ಹಳೆಯ ಬಾಡಿಗೆದಾರರ ಹೆಸರಿಗೆ ಕಾಗದ ಹಾಕುತ್ತಲೇ ಇತ್ತು, ಅದು ಹೊಸಬರ ಮನೆಯೊಳಗೆ ಬೀಳುತ್ತಿತ್ತು. ಅಲ್ಲಿ ಬಿದ್ದದ್ದೆಲ್ಲ ಚಿಪ್ಪಿನಲ್ಲಿ ಅಚ್ಚಾಗುತ್ತಿತ್ತು. ಇದನ್ನು ಪತ್ತೆ ಹಚ್ಚಲು ಹಲವರು ಹಗಲಿರುಳು ದುಡಿದರು. ಡ್ರೈವರ್ ಎದ್ದ ಕೂಡಲೇ ಚಿಪ್ಪಿನ ನೆನಪಿಗೆ ಬೀಗ ಹಾಕುವ ಏರ್ಪಾಡೂ ಆಮೇಲೆ ಬಂತು.

ಈ ಎರಡನೇ ಪ್ರಸಂಗವನ್ನು ನಾನು ಯಾಕೆ ಬಿಡಿಸಿ ಹೇಳಿದೆನೆಂದರೆ, ಎದ್ದು ಓಡುತ್ತಿರುವ ಕಂಪ್ಯೂಟರು ಸಂತೆಯ ಹಾಗೆ. ಒಂದೇ ಹೊತ್ತಿಗೆ ನೂರಾರು ಕೆಲಸ. ಯಾರ ಕೈ ಯಾರ ಬುಟ್ಟಿಯಲ್ಲಿದೆ ಎಂದು ಮೇಲಿನಿಂದ ನೋಡಿದವರಿಗೆ ಗೊತ್ತಾಗುವುದಿಲ್ಲ. ಆ ಸಂತೆಯ ನಡುವೆ ನಿಂತು ಕಾರ್ಡಿನ ನೆನಪನ್ನು ತಿದ್ದುವ ಸಾಧನಗಳೂ ಇವೆ, ದಿನಾ ಸಾವಿರಾರು ಜನ ಅವನ್ನು ಬಳಸಿ ಸುಖವಾಗಿದ್ದಾರೆ, ನಿಜ. ಆದರೂ ದಾರಿ ಎರಡಿದ್ದಾಗ ನಾನು ಆರಿಸಿಕೊಳ್ಳುವುದು ಸಂತೆ ನೆರೆಯುವ ಮುಂಚಿನ ಹೊತ್ತನ್ನು.

ಅಂಥ ಹೊತ್ತೊಂದು ಪ್ರತಿ ಕಂಪ್ಯೂಟರಿನಲ್ಲೂ ಇದೆ. ಗುಂಡಿ ಒತ್ತಿದ ಮೇಲೆ, ವಿಂಡೋಸ್ ಚಿತ್ರ ಮೂಡುವ ಮೊದಲು. ಹಿಂದೆ ಅಲ್ಲಿ ಇದ್ದದ್ದು ಬಯಾಸ್ ಎಂಬ ಏರ್ಪಾಡು. ಫರ್ಮ್‌ವೇರ್ ಬದಲಿಸಬೇಕಾದರೆ ಡಾಸ್ ತುಂಬಿದ ಫ್ಲಾಪಿ ಹಾಕಿ ಎಬ್ಬಿಸುತ್ತಿದ್ದೆವು. 1990ರ ದಶಕದ ಕೊನೆಯಲ್ಲಿ ಇಂಟೆಲ್ ತನ್ನ ಇಟೇನಿಯಂ ಪ್ರೊಸೆಸರಿಗಾಗಿ ಇಎಫ್‌ಐ ಎಂಬ ಹೊಸ ಏರ್ಪಾಡು ಹೂಡಿತು. 2005ರಲ್ಲಿ ಅದನ್ನು ಹಲವು ಕಂಪನಿಗಳು ಸೇರಿದ ಒಂದು ವೇದಿಕೆ ವಹಿಸಿಕೊಂಡು ಯುಇಎಫ್‌ಐ ಎಂದು ಹೆಸರಿಟ್ಟಿತು. ಇಟೇನಿಯಂ ಮರೆತುಹೋಯಿತು, ಈ ಏರ್ಪಾಡು ಉಳಿಯಿತು. ಇದರ ಜೊತೆಗೆ ಬಂದದ್ದೇ ಶೆಲ್, ಅಂದರೆ ಆಜ್ಞೆ ಬರೆಯುವ ಕಪ್ಪು ಪರದೆ. ಅದರ ಮೂಲ ಕೋಡು ಎಲ್ಲರಿಗೂ ತೆರೆದಿದೆ. ಡಾಸ್ ಬಲ್ಲವರಿಗೆ ಅದು ಹಳೆಯ ನೆಂಟ: ಕಡತಗಳ ಪಟ್ಟಿ ಬೇಕಾದರೆ ‘ಡಿಐಆರ್’ ಎಂದರೂ ನಡೆಯುತ್ತದೆ, ಲಿನಕ್ಸಿನವರ ‘ಎಲ್‌ಎಸ್’ ಎಂದರೂ ನಡೆಯುತ್ತದೆ.

ಇನ್ನು ನಾನೂ ನನ್ನ ಕಿರಿಯ ಸಹೋದ್ಯೋಗಿಯೂ ಸೇರಿ ಮಾಡಿದ ಒಂದು ಕೆಲಸದ ಕತೆ ಹೇಳುತ್ತೇನೆ. ಮಲೆನಾಡಿನ ಒಂದು ಸಂಸ್ಥೆ. ಸರ್ವರಿನ ಸಂಪರ್ಕ ವಾರಕ್ಕೆರಡು ಸಲ ಒಂದು ನಿಮಿಷ ಕಡಿದು ತಾನೇ ಕೂಡಿಕೊಳ್ಳುತ್ತಿತ್ತು. ಕೇಬಲ್ ಬದಲಿಸಿದ್ದಾಯಿತು, ಸ್ವಿಚ್ಚಿನ ಕಿಂಡಿ ಬದಲಿಸಿದ್ದಾಯಿತು. ಸರ್ವರಿನ ದಿನಚರಿಯಾದ ಲಾಗಿನಲ್ಲಿ ಡ್ರೈವರ್ ಒಂದು ಸಾಲು ಬರೆದಿಟ್ಟಿತ್ತು: ಕಾರ್ಡಿನ ಫರ್ಮ್‌ವೇರ್ ನಾನು ಎದುರುನೋಡಿದ್ದಕ್ಕಿಂತ ಹಳೆಯದು, ಬದಲಿಸಿ ಎಂದು. ಡ್ರೈವರು ಪ್ರತಿ ಸಲ ಎದ್ದಾಗಲೂ ಅದೇ ಸಾಲು. ಯಾರೂ ಓದಿರಲಿಲ್ಲ.

“ಸರ್, ಲಿನಕ್ಸಿನಿಂದಲೇ ಮಾಡಿಬಿಡೋಣ್ವಾ? ಹತ್ತು ನಿಮಿಷದ ಕೆಲಸ” ಎಂದಳು ಹುಡುಗಿ.

“ಬೇಡಮ್ಮ. ನಾಳೆ ಬೆಳಿಗ್ಗೆ ಆರಕ್ಕೆ ಬಾ. ಯಾರೂ ಬಳಸದ ಹೊತ್ತು. ಮಳೆಯೂ ಹಿಡಿದಿಲ್ಲ, ಕರೆಂಟು ಇರುತ್ತೆ.”

ಕರೆಂಟಿನ ಮಾತು ನಾನು ಸುಮ್ಮನೆ ಎತ್ತಿದ್ದಲ್ಲ. ಎಷ್ಟೋ ವರ್ಷಗಳ ಹಿಂದೆ, ಬರೆಯುವುದು ಅರ್ಧವಾಗಿದ್ದಾಗ ಕರೆಂಟು ಹೋಗಿ ಒಂದು ಕಾರ್ಡನ್ನು ಕಳೆದುಕೊಂಡಿದ್ದೆ. ಹಳೆಯದು ಅಳಿಸಿಯಾಗಿತ್ತು, ಹೊಸದು ಬರೆದಾಗಿರಲಿಲ್ಲ. ಯಂತ್ರ ಎದ್ದಮೇಲೆ ಆ ಕಾರ್ಡು ಪಟ್ಟಿಯಲ್ಲೇ ಇಲ್ಲ. ಕೈಯಲ್ಲಿ ಹಿಡಿದರೆ ಹೊಚ್ಚ ಹೊಸದರಂತಿದೆ, ಒಳಗೆ ಏನೂ ಇಲ್ಲ. ಈಗಿನ ಅನೇಕ ಕಾರ್ಡುಗಳು ಬುದ್ಧಿವಂತವಾಗಿವೆ. ಮೆಲನಾಕ್ಸ್ ಹೆಸರಿನ ಕಾರ್ಡುಗಳಲ್ಲಿ ಹೊಸದನ್ನು ಬೇರೆ ಜಾಗದಲ್ಲಿ ಬರೆದು, ಸರಿಯಾಗಿ ಕೂತಮೇಲೆಯೇ ಹಳೆಯದನ್ನು ಕೈಬಿಡುವ ಕ್ರಮ ಇದೆ. ಅಷ್ಟಿದ್ದರೂ ಯುಪಿಎಸ್ ಬ್ಯಾಟರಿಯನ್ನು ಹಿಂದಿನ ದಿನವೇ ಪರೀಕ್ಷಿಸದೆ ನಾನು ಕೈಹಾಕುವುದಿಲ್ಲ.

ಪೆನ್‌ಡ್ರೈವನ್ನು ಅವಳೇ ಸಿದ್ಧ ಮಾಡಿದ್ದಳು. ಫ್ಯಾಟ್-32 ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಬೇಕು, ಏಕೆಂದರೆ ಎಲ್ಲ ಯಂತ್ರಗಳ ಯುಇಎಫ್‌ಐಗೂ ಖಂಡಿತವಾಗಿ ಓದಲು ಬರುವುದು ಅದೇ. ಅದರಲ್ಲಿ ಇಎಫ್‌ಐ ಎಂಬ ಫೋಲ್ಡರು, ಅದರೊಳಗೆ ಬೂಟ್ ಎಂಬ ಫೋಲ್ಡರು, ಅದರೊಳಗೆ ಶೆಲ್ಲಿನ ಕಡತ. ಆ ಕಡತಕ್ಕೆ ಬೂಟ್‌ಎಕ್ಸ್64 ಎಂದೇ ಹೆಸರಿರಬೇಕು, ಬೇರೆ ಹೆಸರಿಟ್ಟರೆ ಯಂತ್ರ ಅದನ್ನು ತಾನಾಗಿ ಹುಡುಕಿಕೊಳ್ಳುವುದಿಲ್ಲ. ಪಕ್ಕದ ಇನ್ನೊಂದು ಫೋಲ್ಡರಿನಲ್ಲಿ ಕಾರ್ಡಿನವರು ಕೊಟ್ಟ ಉಪಕರಣ ಮತ್ತು ಹೊಸ ಫರ್ಮ್‌ವೇರ್. ಉಪಕರಣವೂ ಇಎಫ್‌ಐಗೆಂದೇ ಮಾಡಿದ್ದಾಗಿರಬೇಕು, ವಿಂಡೋಸಿನದು ಇಲ್ಲಿ ಓಡುವುದಿಲ್ಲ.

ಸೆಕ್ಯೂರ್ ಬೂಟ್ ಎಂಬ ಕಾವಲು ಇದ್ದರೆ, ರುಜು ಇಲ್ಲದ ಶೆಲ್ಲನ್ನು ಅದು ಒಳಗೆ ಬಿಡುವುದಿಲ್ಲ. ಕೆಲಸದ ಮಟ್ಟಿಗೆ ಅದನ್ನು ಆರಿಸಿ, ಮುಗಿದ ಕೂಡಲೇ ಮತ್ತೆ ಹಾಕಬೇಕು. ವಿಂಡೋಸ್ ಯಂತ್ರದಲ್ಲಿ ಬಿಟ್‌ಲಾಕರ್ ಇದ್ದರೆ ಇನ್ನೂ ಒಂದು ಎಚ್ಚರ: ಸೆಕ್ಯೂರ್ ಬೂಟನ್ನು ಮುಟ್ಟಿದರೆ ಬಿಟ್‌ಲಾಕರಿಗೆ ಅನುಮಾನ ಬಂದು 48 ಅಂಕಿಗಳ ಕೀಲಿ ಕೇಳುತ್ತದೆ. ಕೈಯಲ್ಲಿ ಆ ಕೀಲಿ ಇಲ್ಲದೆ ಈ ಕೆಲಸಕ್ಕೆ ಇಳಿದು, ಡಿಸ್ಕಿನ ಮಾಹಿತಿಯೆಲ್ಲ ಬೀಗದೊಳಗೆ ಸಿಕ್ಕಿಬಿದ್ದು ಕಂಗೆಟ್ಟವರನ್ನು ನಾನು ಕಂಡಿದ್ದೇನೆ. ದಯವಿಟ್ಟು ಮೊದಲು ಅದನ್ನು ಬರೆದಿಟ್ಟುಕೊಳ್ಳಿ, ಕಾಗದದ ಮೇಲೆ.

ಬೆಳಿಗ್ಗೆ ಆರೂಕಾಲಿಗೆ ಪೆನ್‌ಡ್ರೈವಿನಿಂದ ಎಬ್ಬಿಸಿದೆವು. ಪರದೆಯ ಮೇಲೆ ಶೆಲ್ಲಿನ ಹೆಸರು, ಕೆಳಗೆ ಡಿಸ್ಕುಗಳ ಪಟ್ಟಿ, ಅದರ ಕೆಳಗೆ ಐದರಿಂದ ಹಿಂದೆಣಿಕೆ. ಆ ಐದು ಸೆಕೆಂಡಿನಲ್ಲಿ ಎಸ್ಕೇಪ್ ಒತ್ತದಿದ್ದರೆ, ‘ಸ್ಟಾರ್ಟ್‌ಅಪ್’ ಎಂಬ ಆಜ್ಞಾಪಟ್ಟಿ ಪೆನ್‌ಡ್ರೈವಿನಲ್ಲಿ ಇದ್ದರೆ ಅದು ತಾನಾಗಿ ಓಡಿಬಿಡುತ್ತದೆ. ನಲವತ್ತು ಯಂತ್ರಗಳಿಗೆ ಒಂದೇ ಕೆಲಸ ಮಾಡುವಾಗ ಅದು ವರ. ಒಂದೇ ಯಂತ್ರಕ್ಕೆ ನಾನು ಅದನ್ನು ಬಳಸುವುದಿಲ್ಲ, ಒಂದೊಂದು ಸಾಲನ್ನೂ ಕಣ್ಣಿಂದ ಓದಬೇಕು ಅನ್ನಿಸುತ್ತದೆ. ಅವಳು ಎಸ್ಕೇಪ್ ಒತ್ತಿದಳು. ಡಿಸ್ಕುಗಳ ಪಟ್ಟಿ ಮತ್ತೆ ನೋಡಲು ‘ಮ್ಯಾಪ್’ ಎಂದು ಬರೆದಳು. ಪಟ್ಟಿಯ ಮೊದಲನೆಯದಕ್ಕೆ ಹೋಗಲು ‘ಎಫ್‌ಎಸ್ ಸೊನ್ನೆ’ ಎಂದು ಬರೆದು ಮುಂದೆ ಎರಡು ಚುಕ್ಕೆಯ ಕೋಲನ್ ಇಟ್ಟಳು. ಕಡತಗಳ ಪಟ್ಟಿ ಕೇಳಿದಳು. ಬಂದದ್ದು ಸರ್ವರಿನ ಸ್ವಂತ ಡಿಸ್ಕಿನ ಫೋಲ್ಡರುಗಳು.

“ಸರ್, ಇದು ನಮ್ಮ ಪೆನ್‌ಡ್ರೈವ್ ಅಲ್ಲ.”

ಎಫ್‌ಎಸ್ ಒಂದರಲ್ಲಿ ನಮ್ಮದಿತ್ತು. ಇಲ್ಲಿ ಸಿ, ಡಿ ಎಂಬ ಪರಿಚಿತ ಹೆಸರುಗಳಿಲ್ಲ, ಎಣಿಕೆ ಇವತ್ತಿದ್ದಂತೆ ನಾಳೆ ಇರಬೇಕೆಂದಿಲ್ಲ. ನೋಡಿಯೇ ಕಾಲಿಡಬೇಕು.

‘ಪಿಸಿಐ’ ಎಂದರೆ ಯಂತ್ರದೊಳಗಿನ ಹಲಗೆಗಳ ಪಟ್ಟಿ ಬರುತ್ತದೆ. ಪ್ರತಿಯೊಂದರ ಮುಂದೆಯೂ ತಯಾರಕರ ಸಂಖ್ಯೆ. ಇಂಟೆಲ್ ಆದರೆ 8086, ತಮ್ಮ ಹೆಸರಾಂತ ಪ್ರೊಸೆಸರಿನ ಸಂಖ್ಯೆಯನ್ನೇ ಅವರು ಗುರುತಾಗಿ ಇಟ್ಟುಕೊಂಡಿದ್ದಾರೆ. ಈ ಪಟ್ಟಿಯನ್ನೂ ಉಪಕರಣ ತೋರಿಸುವ ಪಟ್ಟಿಯನ್ನೂ ಎದುರುಬದುರು ಇಟ್ಟು ನೋಡಬೇಕು. ಒಂದೇ ಕಾರ್ಡು ಎರಡು ಹೆಸರಿನಲ್ಲಿ ಮಾರಾಟವಾಗುವುದುಂಟು: ತಯಾರಕರು ನೇರವಾಗಿ ಮಾರಿದ್ದು ಒಂದು, ಸರ್ವರ್ ಕಂಪನಿಗಳು ತಮ್ಮ ಮುದ್ರೆ ಹಾಕಿ ಮಾರಿದ್ದು ಇನ್ನೊಂದು. ಚಿಪ್ಪು ಒಂದೇ ಆದರೂ ಒಳಗಿನ ಕಟ್ಟಳೆ ಬೇರೆ. ಇವರ ಫರ್ಮ್‌ವೇರನ್ನು ಅವರ ಕಾರ್ಡಿಗೆ ಬರೆಯಬಾರದು. ಉಪಕರಣ ‘ಹೊಂದುವುದಿಲ್ಲ’ ಎಂದು ನಿರಾಕರಿಸಿದರೆ ಅದು ನಮ್ಮ ಹಿತಕ್ಕೇ ಹೇಳುತ್ತಿದೆ. ಬಲವಂತ ಮಾಡುವ ಆಜ್ಞೆಯೂ ಅದರಲ್ಲಿರುತ್ತದೆ, ಆ ಕಡೆ ಹೋಗಬೇಡಿ.

ಬರೆಯುವ ಮೊದಲು ಓದಿದೆವು. ಹಳೆಯ ಫರ್ಮ್‌ವೇರಿನ ಪ್ರತಿ ಪೆನ್‌ಡ್ರೈವಿಗೆ ಬಂತು. ಆಮೇಲೆ ನಾನು ಪುಸ್ತಕ ತೆಗೆದೆ. ಅವಳು ಪರದೆ ನೋಡಿ ಮ್ಯಾಕ್ ವಿಳಾಸವನ್ನು ಎರಡೆರಡು ಅಕ್ಷರದ ಜೋಡಿಯಾಗಿ ಗಟ್ಟಿಯಾಗಿ ಹೇಳಿದಳು, ನಾನು ಬರೆದುಕೊಂಡೆ. ಆರು ಜೋಡಿ ಮೊದಲ ಕಿಂಡಿಯದು, ಆರು ಜೋಡಿ ಎರಡನೆಯದು. ಹಳೆಯ ಆವೃತ್ತಿಯ ಸಂಖ್ಯೆ. ಇಸವಿ, ತಾರೀಕು. ನಾನು ಮರಳಿ ಓದಿದೆ, ಅವಳು ಪರದೆಯೊಂದಿಗೆ ತಾಳೆ ನೋಡಿದಳು. ಎಂಟು ಅನ್ನುವುದೂ ಬಿ ಅನ್ನುವುದೂ ಪರದೆಯಲ್ಲಿ ಒಂದೇ ಥರ ಕಾಣುತ್ತವೆ, ಹಾಗಾಗಿ ಎರಡು ಸಲ.

ಬರೆಯುವ ಆಜ್ಞೆ ಕೊಟ್ಟಮೇಲೆ ಮಾಡಲು ಏನೂ ಇರಲಿಲ್ಲ. ಶೇಕಡಾ ಸಂಖ್ಯೆ ಏರುತ್ತಿತ್ತು. ಹನ್ನೆರಡು. ಹದಿಮೂರು. ನಲವತ್ತೊಂದರ ಹತ್ತಿರ ಬಹಳ ಹೊತ್ತು ನಿಂತಿತು. ಅವಳ ಕೈ ಕೀಲಿಮಣೆಯ ಕಡೆ ಹೋಯಿತು, ತಾನೇ ಹಿಂದೆ ತೆಗೆದುಕೊಂಡು ತೊಡೆಯ ಮೇಲೆ ಇಟ್ಟುಕೊಂಡಳು. ನನಗೆ ಅದು ತುಂಬ ಹಿಡಿಸಿತು. ಈ ಕೆಲಸದಲ್ಲಿ ಕಲಿಯಲು ಕಷ್ಟವಾದದ್ದು ಕೈ ಹಿಂತೆಗೆದುಕೊಳ್ಳುವುದೇ. ಫ್ಲ್ಯಾಶ್ ಚಿಪ್ಪಿನಲ್ಲಿ ಬರೆಯುವ ಮೊದಲು ಇಡೀ ಒಂದು ಖಂಡವನ್ನೇ ಅಳಿಸಬೇಕು, ಅಳಿಸುವುದು ನಿಧಾನದ ಕೆಲಸ. ನಿಂತಂತೆ ಕಾಣುವಾಗಲೂ ಒಳಗೆ ಕೆಲಸ ನಡೆದೇ ಇರುತ್ತದೆ. ಕೊಂಬು ಹಿಡಿದು ಕೂತವರ ಕೆಲಸ ಆಗ ನಮ್ಮದು. ಹೊರಗೆ ಕಾಜಾಣ ಕೂಗುತ್ತಿತ್ತು.

ನೂರಾಯಿತು. ‘ರಿಸೆಟ್’ ಎಂದು ಬರೆದು ಮತ್ತೆ ಶೆಲ್ಲಿಗೆ ಬಂದು ನೋಡಿದೆವು. ಅದೇ ಹಳೆಯ ಆವೃತ್ತಿ! ಅವಳ ಮುಖ ಬಾಡಿತು.

“ಹಾಳಾಯ್ತಾ ಸರ್?”

ಹಾಳಾಗಿರಲಿಲ್ಲ. ಹೊಸದು ಚಿಪ್ಪಿನಲ್ಲಿ ಕೂತಾಗಿತ್ತು, ಆದರೆ ಕಾರ್ಡು ಹಳೆಯದನ್ನೇ ಓಡಿಸುತ್ತಿತ್ತು. ಕೆಲವು ಕಾರ್ಡುಗಳು ಯಂತ್ರ ಆರಿದರೂ ಮಲಗುವುದಿಲ್ಲ. ದೂರದಿಂದ ಯಾರಾದರೂ ಎಬ್ಬಿಸಿಯಾರು ಎಂದು ಸಣ್ಣದೊಂದು ಕರೆಂಟು ಅವಕ್ಕೆ ಸದಾ ಹರಿಯುತ್ತಿರುತ್ತದೆ. ಪೂರ್ತಿ ಕರೆಂಟು ತೆಗೆದರೆ ಮಾತ್ರ ಅವು ಮರುಹುಟ್ಟು ಪಡೆದು ಹೊಸ ಪಾಠ ಓದುತ್ತವೆ. ಸರ್ವರನ್ನು ಆರಿಸಿ, ಹಿಂದೆ ಹೋಗಿ ವೈರ್ ಎಳೆ ಎಂದೆ. ಎಳೆದಳು. “ಎಳೆದೆ ಸರ್” ಎಂದಳು.

“ಕಾರ್ಡಿನ ದೀಪ ನೋಡಮ್ಮ.”

ಹಸಿರು ದೀಪ ಉರಿಯುತ್ತಲೇ ಇತ್ತು. ಇಂಥ ಸರ್ವರುಗಳಿಗೆ ವಿದ್ಯುತ್ ಪೆಟ್ಟಿಗೆ ಎರಡು, ಒಂದು ಕೈಕೊಟ್ಟರೆ ಇನ್ನೊಂದಿರಲಿ ಎಂದು. ಅವಳು ಬಗ್ಗಿ ಕೇಬಲ್ ರಾಶಿಯ ನಡುವಿನಿಂದ ಎರಡನೆಯ ವೈರನ್ನು ಹುಡುಕಿ ಎಳೆದಳು. ದೀಪ ಒಂದು ಕ್ಷಣ ಉಳಿದು, ಮಂಕಾಗಿ, ಆರಿತು. ಗಡಿಯಾರ ನೋಡಿ ಒಂದು ನಿಮಿಷ ಕಾದೆವು. ಎರಡೂ ವೈರ್ ಚುಚ್ಚಿ, ಗುಂಡಿ ಒತ್ತಿ, ಎಸ್ಕೇಪ್ ಒತ್ತಿ, ಈ ಸಲ ಎಫ್‌ಎಸ್ ಒಂದು ಎಂದೇ ಬರೆದಳು. ಆವೃತ್ತಿ ಹೊಸದು. ಮ್ಯಾಕ್ ವಿಳಾಸದ ಹನ್ನೆರಡು ಜೋಡಿಯನ್ನೂ ಪುಸ್ತಕ ಹಿಡಿದು ಅವಳೇ ಒಂದೊಂದಾಗಿ ಗೀಟು ಹಾಕುತ್ತ ಸರಿನೋಡಿದಳು. ಎಲ್ಲವೂ ಇದ್ದಂತೆಯೇ ಇದ್ದವು. ಆಮೇಲೆ ಸೆಕ್ಯೂರ್ ಬೂಟನ್ನು ಮತ್ತೆ ಹಾಕಿ, ಪೆನ್‌ಡ್ರೈವ್ ತೆಗೆದು, ಲಿನಕ್ಸ್ ಏಳುವುದನ್ನು ನಿಂತು ನೋಡಿದೆವು. ಲಾಗಿನಲ್ಲಿ ಆ ಹಳೆಯ ಸಾಲು ಬರಲಿಲ್ಲ.

ಪುಸ್ತಕದಲ್ಲಿ ನನ್ನ ಅಕ್ಷರದ ಕೆಳಗೆ ಅವಳು ಹೊಸ ಆವೃತ್ತಿಯ ಸಂಖ್ಯೆ ಬರೆದಳು. ಅದರ ಪಕ್ಕದಲ್ಲಿ, ನಾನು ಹೇಳದೆಯೇ, ಇನ್ನೊಂದು ಸಾಲು ಸೇರಿಸಿದಳು: ‘ವೈರ್ ಎರಡಿವೆ. ದೀಪ ಆರಿದ್ದು ನೋಡಿ ಎಣಿಸಿ.’